ಎನ್ನಲಾಗಿದೆ

ತರೀಕೆರೆಯ ಬಿ.ಎಚ್. ರಸ್ತೆಯಲ್ಲಿ ಒಂದು ಕಟಿಂಗ್ ಶಾಪ್ ಇತ್ತು. ಎರಡು ಕುರ್ಚಿ, ಎರಡು ಕನ್ನಡಿ, ಗೋಡೆ ಉದ್ದಕ್ಕೂ ಒಂದು ಬೆಂಚು. ನನಗೆ ಆಗ ಎಂಟೊಂಬತ್ತು ವರ್ಷ. ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ನನ್ನನ್ನು ಕೂರಿಸುತ್ತಿದ್ದರು. ಕನ್ನಡಿಯಲ್ಲಿ ಇಡೀ ಬೆಂಚು ಕಾಣುತ್ತಿತ್ತು. ಅದರ ತುದಿಯಲ್ಲಿ ರಿಟೈರಾದ ಪೋಸ್ಟ್‌ಮನ್ ತಾತ ಕೂತು ಲಂಕೇಶ್ ಪತ್ರಿಕೆ ಓದುತ್ತಿದ್ದರು. ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ. ಓದಲು ಬಾರದವರು ಅಲ್ಲಿದ್ದರು. ಓದಲು ಬಂದರೂ ದುಡ್ಡು ಕೊಟ್ಟು ಕೊಳ್ಳದವರೂ ಇದ್ದರು. ಒಂದೇ ಪ್ರತಿ ಇಪ್ಪತ್ತು ಮೂವತ್ತು ಜನಕ್ಕೆ ಸಾಕಾಗುತ್ತಿತ್ತು.

ಒಂದು ದೃಶ್ಯ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಖ್ಯಮಂತ್ರಿ ಗುಂಡೂರಾಯರ ಸುದ್ದಿ ಶುರುವಾದರೆ ಕ್ಷೌರದ ಅಣ್ಣ ಕತ್ತಿಯನ್ನು ಗಿರಾಕಿಯ ಕೆನ್ನೆಯಿಂದ ಮೇಲಕ್ಕೆತ್ತಿ ಹಿಡಿಯುತ್ತಿದ್ದ. ತಾತ ‘ಗುಂ’ ಅಂತ ಓದುತ್ತಿದ್ದರು. ಪತ್ರಿಕೆ ಅವರಿಗೆ ಇಟ್ಟಿದ್ದ ಹೆಸರು ಅದು. ಬೆಂಚಿನ ತುಂಬ ನಗು. ಸೋಪು ಹಚ್ಚಿಕೊಂಡು ಕುರ್ಚಿಯಲ್ಲಿ ಕೂತವನೂ ನಗುತ್ತಿದ್ದ. ಎಲ್ಲ ಸುಮ್ಮನಾದ ಮೇಲೆ ಕತ್ತಿ ಮತ್ತೆ ಕೆನ್ನೆಗೆ ಇಳಿಯುತ್ತಿತ್ತು. ನಗುವಾಗ ಚರ್ಮ ಕುಯ್ಯಬಾರದಲ್ಲ, ಅದಕ್ಕೆ.

ಮುಖ್ಯಮಂತ್ರಿಯನ್ನು ನೋಡಿ ನಗಬಹುದು ಅಂತ ನಾನು ತಿಳಿದುಕೊಂಡದ್ದು ಆ ಹಲಗೆಯ ಮೇಲೆ ಕೂತು. ಇವತ್ತಿನವರಿಗೆ ಇದು ದೊಡ್ಡ ವಿಷಯ ಅನ್ನಿಸದೇ ಇರಬಹುದು. ಆಗ ದೊಡ್ಡದಾಗಿತ್ತು. ನಮ್ಮ ಮನೆಗೆ ಬರುತ್ತಿದ್ದ ದಿನಪತ್ರಿಕೆಯಲ್ಲಿ ಮಂತ್ರಿಗಳು ಉದ್ಘಾಟಿಸುತ್ತಿದ್ದರು, ಕರೆ ನೀಡುತ್ತಿದ್ದರು, ವಿಷಾದಿಸುತ್ತಿದ್ದರು. ಕೆಇಬಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ಸಾಹೇಬರ ಎದುರು ನಿಲ್ಲುವ ಹಾಗೆಯೇ ಆ ಪೇಪರುಗಳು ಮಂತ್ರಿಗಳ ಎದುರು ನಿಂತಿರುತ್ತಿದ್ದವು. ಕೈಕಟ್ಟಿಕೊಂಡು, ತಲೆ ಸ್ವಲ್ಪ ಬಗ್ಗಿಸಿಕೊಂಡು.

ಲಂಕೇಶ್ ಪತ್ರಿಕೆಯ ಮೊದಲ ಸಂಚಿಕೆ ಬಂದದ್ದು 1980ರ ಜುಲೈ 6ರಂದು, ಭಾನುವಾರ. ಪಿ. ಲಂಕೇಶ್ ನಮ್ಮ ಕಡೆಯವರೇ, ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರು. ಬೆಂಗಳೂರಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಕತೆ, ನಾಟಕ ಬರೆದಿದ್ದರು, ಸಿನಿಮಾ ಮಾಡಿದ್ದರು. ಅಷ್ಟೆಲ್ಲ ಆದ ಮೇಲೆ ವಾರಕ್ಕೊಂದು ಟ್ಯಾಬ್ಲಾಯ್ಡ್ ತರಲು ಹೊರಟರು. ಆ ಸಮಯ ನೋಡಿ. ಪತ್ರಿಕೆ ಶುರುವಾಗಿ ಸರಿಯಾಗಿ ಹದಿನೈದು ದಿನಕ್ಕೆ, ಜುಲೈ 21ಕ್ಕೆ, ನರಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಮಲಪ್ರಭಾ ಕಾಲುವೆ ಪ್ರದೇಶದ ರೈತರು ಅಭಿವೃದ್ಧಿ ಕರ ಕಟ್ಟುವುದಿಲ್ಲ ಅಂತ ಎದ್ದು ನಿಂತಿದ್ದರು. ರೈತಸಂಘ ಹುಟ್ಟಿದ್ದು ಆ ವರ್ಷವೇ. ದಲಿತ ಸಂಘರ್ಷ ಸಮಿತಿ ಊರೂರಿನಲ್ಲಿ ಬೇರು ಬಿಡುತ್ತಿತ್ತು. ಬಂಡಾಯದ ಬರಹಗಾರರು ಹಿಂದಿನ ವರ್ಷವಷ್ಟೇ ಸಂಘಟನೆ ಕಟ್ಟಿದ್ದರು. 1982ರಲ್ಲಿ ಗೋಕಾಕ್ ಚಳವಳಿ. ಇಷ್ಟೊಂದು ಜನ ಒಟ್ಟಿಗೆ ಮಾತಾಡಲು ಶುರು ಮಾಡಿದ್ದರು. ಅವರ ಮಾತಿನ ಧಾಟಿಯಲ್ಲೇ ಬರೆಯುವ ಪತ್ರಿಕೆ ಬೇಕಿತ್ತು. ಅದು ಸಿಕ್ಕಿತು.

1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಗುಂಡೂರಾಯರು ಸೋಮವಾರಪೇಟೆಯಲ್ಲಿ ತಾವೇ ಸೋತರು. ಆ ಸೋಲಿಗೆ ಕಾರಣ ಒಂದು ಟ್ಯಾಬ್ಲಾಯ್ಡ್ ಅಂತ ಹೇಳಿದರೆ ರೈತರಿಗೂ ಬೇರೆಯವರಿಗೂ ಅನ್ಯಾಯ ಮಾಡಿದ ಹಾಗಾಗುತ್ತದೆ. ಆದರೆ ಆ ಬೆಂಚಿನ ಮೇಲೆ ಕೂತವರ ಭಯ ಬಿಡಿಸಿದ್ದು ಈ ಪತ್ರಿಕೆ. ಅದನ್ನು ನಾನು ಕನ್ನಡಿಯಲ್ಲಿ ನೋಡಿದ್ದೇನೆ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದ ಮೇಲೆ ಪತ್ರಿಕೆ ಅವರನ್ನೂ ಬಿಡಲಿಲ್ಲ. ನಿನ್ನೆ ಹೊಗಳಿದವರನ್ನು ಇವತ್ತು ತೆಗಳುತ್ತಾರಲ್ಲ ಅಂತ ಬೆಂಚಿನ ಮೇಲೆ ಜಗಳ ಆಗುತ್ತಿತ್ತು. ತಾತನಿಗೆ ಮಾತ್ರ ಖುಷಿ. ಯಾರ ಕಡೆಗೂ ಸೇರದವನು ನಮ್ಮ ಕಡೆಯವನು ಅಂತ ಅವರ ಲೆಕ್ಕ.

ಪತ್ರಿಕೆ ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಇದರ ತೂಕ ನನಗೆ ಗೊತ್ತಾದದ್ದು ತುಂಬ ತಡವಾಗಿ. ಬೇರೆ ಯಾವ ಪತ್ರಿಕೆಯನ್ನಾದರೂ ತೆಗೆದುಕೊಳ್ಳಿ. ಸರ್ಕಾರದ ಟೆಂಡರ್ ಜಾಹೀರಾತು, ಸಕ್ಕರೆ ಕಾರ್ಖಾನೆಯ ಜಾಹೀರಾತು, ಬಟ್ಟೆ ಅಂಗಡಿಯ ಜಾಹೀರಾತು, ಇವೆಲ್ಲ ಒಂದೊಂದು ದಾರ. ಬೇಕೆಂದಾಗ ಎಳೆಯಬಹುದು. ಇಲ್ಲಿ ಎಳೆಯಲು ಏನೂ ಇರಲಿಲ್ಲ. ಪ್ರತಿ ಮಾರಿ ಬಂದ ದುಡ್ಡಿನಲ್ಲಿ ಮುಂದಿನ ವಾರದ ಪೇಪರ್. ಅಂದರೆ ನಮ್ಮೂರಿನ ಅಂಗಡಿಯ ಅಣ್ಣ ಜೇಬಿನಿಂದ ತೆಗೆದು ಕೊಡುತ್ತಿದ್ದ ಚಿಲ್ಲರೆಯೇ ಆ ಪತ್ರಿಕೆಯ ಬೆನ್ನೆಲುಬು.

ಅದರ ತಲೆಬರಹದ ಹತ್ತಿರ ‘ಜಾಣ ಜಾಣೆಯರ ಪತ್ರಿಕೆ’ ಅಂತ ಇರುತ್ತಿತ್ತು. ನನಗೆ ಈ ‘ಜಾಣೆ’ ಅನ್ನುವ ಪದ ಇಷ್ಟ. ಯಾಕೆಂದರೆ ನಮ್ಮಮ್ಮ ಆ ಪದವನ್ನು ನಂಬಿದ್ದಳು.

ಕಟಿಂಗ್ ಶಾಪಿಗೆ ಹೆಂಗಸರು ಕಾಲಿಡುತ್ತಿರಲಿಲ್ಲ. ಎರಡು ಮೂರು ವಾರ ಹಳೆಯದಾದ ಪ್ರತಿಯನ್ನು ಅಪ್ಪ ಕೇಳಿ ಮನೆಗೆ ತರುತ್ತಿದ್ದರು. ಅಮ್ಮ ಓದುತ್ತಿದ್ದದ್ದು ರಾಜಕೀಯದ ಪುಟ ಅಲ್ಲ. ‘ನೀಲು’ ಅಂತ ಪುಟ್ಟ ಪದ್ಯಗಳು ಬರುತ್ತಿದ್ದವು, ಲಂಕೇಶರೇ ಒಬ್ಬ ಹೆಣ್ಣಿನ ದನಿಯಲ್ಲಿ ಬರೆಯುತ್ತಿದ್ದ ಪದ್ಯಗಳು. ಪ್ರೀತಿಯ ಬಗ್ಗೆ, ಗಂಡಸರ ಬಗ್ಗೆ, ಆಸೆಯ ಬಗ್ಗೆ. ಅಮ್ಮ ಅದನ್ನು ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ, ಅನ್ನದ ಅಗುಳು ಉಜ್ಜಿ, ಬೀರುವಿನ ಬಾಗಿಲಿನ ಒಳಗಡೆ ಅಂಟಿಸುತ್ತಿದ್ದಳು. ಸೀರೆ ತೆಗೆಯುವಾಗ ಕಾಣಬೇಕು, ಬಾಗಿಲು ಹಾಕಿದರೆ ಯಾರಿಗೂ ಕಾಣಬಾರದು. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ ಹೆಂಗಸು ಅವಳು. ಅವಳ ಜೊತೆ ಕವಿತೆ ಮಾತಾಡಿದ ಪತ್ರಿಕೆ ಅದೊಂದೇ.

ಅಮ್ಮನಂಥವರು ಓದಿದರು, ಇನ್ನೂ ಕೆಲವರು ಬರೆದರು. ಸಾರಾ ಅಬೂಬಕರ್ ಅವರ ಮೊದಲ ಬರಹಗಳು ಬಂದದ್ದು ಅಲ್ಲಿ. ತಲಾಖ್ ವಿಷಯದ ಅವರ ಮೊದಲ ಕಾದಂಬರಿ ಧಾರಾವಾಹಿಯಾಗಿ ಬಂದದ್ದೂ ಅಲ್ಲೇ. ಹಾಸನದ ಬಾನು ಮುಷ್ತಾಕ್ ಆ ಪತ್ರಿಕೆಗೆ ವರದಿ ಬರೆಯುತ್ತಿದ್ದರು. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನನಗೆ ಮೊದಲು ನೆನಪಾದದ್ದು ಆ ಬೀರುವಿನ ಬಾಗಿಲು. ಒಂದು ಟ್ಯಾಬ್ಲಾಯ್ಡ್ ಪತ್ರಿಕೆ, ಜನ ಬಸ್ಸಿನಲ್ಲಿ ಮಡಚಿ ಹಿಡಿದು ಓದುವ ಪತ್ರಿಕೆ, ಜಿಲ್ಲೆಯ ಒಬ್ಬ ಮುಸ್ಲಿಂ ಹೆಣ್ಣುಮಗಳಿಗೆ ವರದಿಗಾರಿಕೆಯ ಕೆಲಸ ಕೊಟ್ಟಿತ್ತು. 80ರ ದಶಕದಲ್ಲಿ ಇದು ಸಣ್ಣ ವಿಷಯ ಅಲ್ಲ. ರಾಜಕೀಯದ ಜಗಳ ಓದಲು ಬಂದವರು ಕತೆ, ಪದ್ಯ ಓದಿ ಹೋದರು. ಲಂಕೇಶರ ಅಂಕಣ ‘ಟೀಕೆ ಟಿಪ್ಪಣಿ’ ಓದಿ ಎಷ್ಟೋ ಜನ ಬರೆಯಲು ಕಲಿತರು. ನಾನೂ ಅವರಲ್ಲಿ ಒಬ್ಬ.

ಇನ್ನು ಈ ಬರಹಕ್ಕೆ ಹೆಸರಾಗಿ ಇಟ್ಟ ಪದದ ವಿಷಯ.

ಕನ್ನಡದ ಆಡುಮಾತಿನಲ್ಲಿ ‘ಅಂತೆ’ ಅಂತ ಒಂದು ಪುಟ್ಟ ಪ್ರತ್ಯಯ ಇದೆ. ಬಂದನಂತೆ, ಕೊಟ್ಟಳಂತೆ, ತಿಂದರಂತೆ. ಇದು ತುಂಬ ಪ್ರಾಮಾಣಿಕವಾದ ಪ್ರತ್ಯಯ. ನಾನು ನೋಡಿಲ್ಲ, ಯಾರೋ ಹೇಳಿದ್ದನ್ನು ಹೇಳುತ್ತಿದ್ದೇನೆ ಅಂತ ಅದು ಮೊದಲೇ ಒಪ್ಪಿಕೊಳ್ಳುತ್ತದೆ. ಕೇಳಿದವರು ತಕ್ಷಣ ‘ಯಾರು ಹೇಳಿದ್ದು?’ ಅಂತ ಕೇಳಬಹುದು. ಹೇಳಿದವರು ಎದುರಿಗೇ ಇರುತ್ತಾರೆ. ಅವರು ಹೇಗೆ, ಅವರಿಗೂ ಆ ಮನೆಯವರಿಗೂ ಬೇಲಿ ಜಗಳ ಇದೆಯಾ, ಎಲ್ಲ ಊರಿಗೆ ಗೊತ್ತಿರುತ್ತದೆ. ‘ಅಯ್ಯೋ ಬಿಡಿ, ಅವನ ಮಾತು’ ಅಂದರೆ ಸುದ್ದಿ ಅಲ್ಲೇ ಸಾಯುತ್ತದೆ. ಅಂತೆ ಕಂತೆ ಅಂತ ನಮ್ಮ ಹಿರಿಯರು ಅದನ್ನು ಹಗುರ ಮಾಡಿ ಪಕ್ಕಕ್ಕಿಡುತ್ತಿದ್ದರು.

ಅದೇ ಮಾತು ಅಚ್ಚಿಗೆ ಹೋದಾಗ ‘ಎನ್ನಲಾಗಿದೆ’ ಆಗುತ್ತದೆ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ‘ಪಕ್ಕದ ಮನೆಯವರು ಕಾರು ತಗೊಂಡಿದ್ದಾರೆ ಎನ್ನಲಾಗಿದೆ’ ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಹೇಳುತ್ತಾರಾ? ಆ ಪದಕ್ಕೆ ಆಫೀಸಿನ ಬಟ್ಟೆ ಇದೆ, ಸೀಲು ಹೊಡೆದ ಹಾಗೆ ಕಾಣುತ್ತದೆ. ಆದರೆ ಅಂದವರು ಯಾರೂ ಅದರಲ್ಲಿ ಇಲ್ಲ. ಯಾರು ಅಂದದ್ದು ಅಂತ ಕೇಳಲು ಎದುರಿಗೆ ಒಂದು ಹಾಳೆ ಮಾತ್ರ ಇರುತ್ತದೆ.

ಟ್ಯಾಬ್ಲಾಯ್ಡುಗಳು ಕಟ್ಟೆಯ ಮಾತನ್ನು ಅಚ್ಚಿಗೆ ತಂದವು. ಅದು ಅವುಗಳ ದೊಡ್ಡ ಕೆಲಸ, ನನಗೆ ಅದರಲ್ಲಿ ಅನುಮಾನ ಇಲ್ಲ. ಆದರೆ ಕಟ್ಟೆಯಲ್ಲಿ ಇದ್ದ ಆ ಪ್ರಶ್ನೆಯನ್ನು ಕಟ್ಟೆಯಲ್ಲೇ ಬಿಟ್ಟು ಬಂದವು.

90ರ ದಶಕ ಬರುವ ಹೊತ್ತಿಗೆ ವಾರಪತ್ರಿಕೆಗಳು ಜಾಸ್ತಿಯಾದವು. 1995ರಲ್ಲಿ ರವಿ ಬೆಳಗೆರೆಯವರ ‘ಹಾಯ್ ಬೆಂಗಳೂರ್!’ ಬಂತು. ಅವರ ಕನ್ನಡಕ್ಕೆ ಒಂದು ಓಟ ಇತ್ತು. ಭೂಗತ ಲೋಕ, ಕೊಲೆ, ಪೊಲೀಸ್ ಸ್ಟೇಷನ್, ಇವನ್ನೆಲ್ಲ ಅವರು ಓದುಗರ ಕೈ ಹಿಡಿದು ತೋರಿಸಿದರು. ಜನ ಮುಗಿಬಿದ್ದು ಓದಿದರು. ಅದನ್ನು ನೋಡಿ ಜಿಲ್ಲೆಗೊಂದು, ತಾಲ್ಲೂಕಿಗೊಂದು ಅಂತ ಪತ್ರಿಕೆಗಳು ಹುಟ್ಟಿದವು. ಕೆಲವು ಒಳ್ಳೆಯವು. ಕೆಲವಕ್ಕೆ ಜನ ಇಟ್ಟ ಹೆಸರು ರೋಲ್‌ಕಾಲ್ ಪತ್ರಿಕೆ. ‘ನಿಮ್ಮ ವಿಷಯ ನಾಳೆ ಪ್ರಿಂಟಿಗೆ ಹೋಗ್ತಿದೆ’ ಅಂತ ಮೊದಲು ಫೋನು ಬರುತ್ತದೆ. ಕವರ್ ಕೊಟ್ಟರೆ ಪ್ರಿಂಟಿಗೆ ಹೋಗುವುದಿಲ್ಲ. ತಾಲ್ಲೂಕು ಆಫೀಸಿನಲ್ಲಿ ಕೆಲಸ ಮಾಡಿದವರನ್ನು ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ.

1997ರ ಮಳೆಗಾಲ. ನಾನು ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದ್ದೆ. ಶನಿವಾರ ಊರಿಗೆ ಬಂದರೆ ಬಸ್ ಸ್ಟ್ಯಾಂಡಿನ ಕಂಬದ ಹತ್ತಿರ ಜನ ಗುಂಪಾಗಿ ನಿಂತಿದ್ದರು. ಕಂಬಕ್ಕೆ ಒಂದು ಜೆರಾಕ್ಸ್ ಅಂಟಿಸಿದ್ದರು. ಒಂದು ವಾರಪತ್ರಿಕೆಯ ಪುಟ. ಅದರಲ್ಲಿ ನಮ್ಮ ಟೀಚರ್ ಫೋಟೋ.

ಅವರು ನನಗೆ ಐದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಗಣಿತ ಹೇಳಿಕೊಟ್ಟವರು. ಆ ಹೊತ್ತಿಗೆ ಬೇರೆ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಫೋಟೋ ಯಾವುದೋ ಶಾಲಾ ವಾರ್ಷಿಕೋತ್ಸವದ್ದು. ಪಕ್ಕದಲ್ಲಿ ನಿಂತ ನಾಲ್ಕೈದು ಜನರನ್ನು ಕತ್ತರಿಸಿ, ಅವರನ್ನೂ ಶಾಲಾ ಸಮಿತಿಯ ಒಬ್ಬರನ್ನೂ ಮಾತ್ರ ಉಳಿಸಿದ್ದರು. ಕೆಳಗೆ ಅರ್ಧ ಪುಟ ಬರಹ. ಇಬ್ಬರಿಗೂ ಸಂಬಂಧ ಇದೆ ಎನ್ನಲಾಗಿದೆ. ಶಾಲೆಯ ಹಣ ಇಬ್ಬರೂ ಸೇರಿ ನುಂಗಿದ್ದಾರೆ ಎನ್ನಲಾಗಿದೆ. ಊರಿನವರು ಛೀಮಾರಿ ಹಾಕುತ್ತಿದ್ದಾರೆ ಎಂದು ಬಲ್ಲ ಮೂಲಗಳು ತಿಳಿಸಿವೆ. ಊರಿನವನಾದ ನನಗೆ ಅಂಥ ಛೀಮಾರಿ ಎಲ್ಲೂ ಕೇಳಿರಲಿಲ್ಲ. ಪೇಪರ್ ಬಂದ ಮೇಲೆ ಶುರುವಾಯಿತು.

ನಿಜ ವಿಷಯ ಊರಿನಲ್ಲಿ ಹತ್ತು ಜನಕ್ಕೆ ಗೊತ್ತಿತ್ತು. ಶಾಲೆಯ ಎರಡು ರೂಮಿನ ಹೆಂಚು ರಿಪೇರಿ ಕೆಲಸ ಒಬ್ಬ ಕಂಟ್ರಾಕ್ಟರ್ ಮಾಡಿದ್ದ. ಮಾಡಿದ್ದು ಒಂದು ರೂಮು, ಬಿಲ್ಲು ಎರಡಕ್ಕೂ. ಟೀಚರ್ ಸಹಿ ಹಾಕಲಿಲ್ಲ. ಸಮಿತಿಯ ಆ ಮನುಷ್ಯ ಟೀಚರ್ ಪರ ನಿಂತರು. ಅಷ್ಟೇ. ಕಂಟ್ರಾಕ್ಟರಿಗೆ ಆ ಪತ್ರಿಕೆಯ ನಮ್ಮೂರ ವರದಿಗಾರ ಪರಿಚಯ. ಆ ಹುಡುಗನಿಗೆ ಸಂಬಳ ಅಂತ ಏನೂ ಇರಲಿಲ್ಲ. ಒಂದು ಪ್ರೆಸ್ ಕಾರ್ಡ್, ಬೈಕಿನ ಮೇಲೆ ಕೆಂಪು ಅಕ್ಷರದಲ್ಲಿ ‘ಪ್ರೆಸ್’ ಅನ್ನುವ ಸ್ಟಿಕ್ಕರ್, ಮಾರಿದ ಪ್ರತಿಗೆ ಇಷ್ಟು ಅಂತ ಕಮಿಷನ್.

ಸುದ್ದಿ ಹೊರಗೆ ಬರುವುದೇ ಯಾರಿಗೋ ಹೊಟ್ಟೆಯಲ್ಲಿ ಸಂಕಟ ಇದ್ದಾಗ. ಇದನ್ನು ನಾನು ತಪ್ಪು ಅಂತ ಹೇಳುತ್ತಿಲ್ಲ. ಟೆಂಡರ್ ಸಿಗದವನು ಟೆಂಡರ್ ಸಿಕ್ಕವನ ಫೈಲಿನ ಜೆರಾಕ್ಸ್ ತಂದುಕೊಡುತ್ತಾನೆ. ಬಡ್ತಿ ತಪ್ಪಿದ ಗುಮಾಸ್ತ ಸಾಹೇಬರ ಲಂಚದ ಲೆಕ್ಕ ತಂದುಕೊಡುತ್ತಾನೆ. ದೊಡ್ಡ ದೊಡ್ಡ ಹಗರಣಗಳೂ ಎಷ್ಟೋ ಸಲ ಹೀಗೆಯೇ ಬಯಲಾಗುವುದು. ಫೈಲು ನಿಜವಾ ಅಂತ ನೋಡುವುದು ಸಂಪಾದಕರ ಕೆಲಸ. ತಂದವನಿಗೆ ಏನು ಲಾಭ ಅಂತ ನೋಡುವುದೂ ಅವರದೇ ಕೆಲಸ. ಆಮೇಲೆ ಆರೋಪ ಹೊತ್ತವರಿಗೆ ಒಂದು ಫೋನ್ ಮಾಡಬೇಕು. ನಮ್ಮ ಟೀಚರ್ ಮನೆಯಲ್ಲಿ ಫೋನ್ ಇತ್ತು. ಅದು ಒಂದು ಸಲವೂ ಹೊಡೆದುಕೊಳ್ಳಲಿಲ್ಲ.

ಅಪ್ಪನಿಗೆ ಆ ಟೀಚರ್ ಮೇಲೆ ಗೌರವ. ನನ್ನನ್ನು ಕರೆದುಕೊಂಡು ಆ ವರದಿಗಾರನ ಹತ್ತಿರ ಹೋದರು. ಅವನು ಟೀ ಅಂಗಡಿಯಲ್ಲಿ ಕೂತಿದ್ದ.

‘ಏನಪ್ಪಾ, ಇದೆಲ್ಲ ಯಾರು ಹೇಳಿದ್ದು ನಿನಗೆ?’ ಅಂತ ಅಪ್ಪ ಕೇಳಿದರು.

‘ಮೂಲ ಹೇಳೋಕೆ ಬರಲ್ಲ ಸಾರ್’ ಅಂದ. ಸಿಟ್ಟಿನಿಂದ ಅಲ್ಲ, ಮರ್ಯಾದೆಯಿಂದಲೇ ಅಂದ. ಆಮೇಲೆ, ‘ಬೇಕಾದ್ರೆ ಟೀಚರ್ ಕೈಲಿ ಒಂದು ಹೇಳಿಕೆ ಕೊಡಿಸಿ ಸಾರ್. ಫೋಟೋ ಸಮೇತ ಮುಂದಿನ ವಾರ ಹಾಕ್ತೀವಿ’ ಅಂದ.

ಅಪ್ಪ ಏನೂ ಮಾತಾಡದೆ ಎದ್ದರು. ದಾರಿಯಲ್ಲಿ ಮಾತ್ರ, ‘ಹೇಳಿಕೆ ಕೊಟ್ಟರೆ ಇನ್ನೊಂದು ವಾರ ಮಾರ್ತಾನೆ’ ಅಂದರು. ಟೀಚರ್ ಹೇಳಿಕೆ ಕೊಡಲಿಲ್ಲ. ಮುಂದಿನ ಜೂನ್ ಹೊತ್ತಿಗೆ ಟ್ರಾನ್ಸ್‌ಫರ್ ತೆಗೆದುಕೊಂಡು ಬೇರೆ ತಾಲ್ಲೂಕಿಗೆ ಹೋದರು. ಎರಡನೇ ರೂಮಿನ ಬಿಲ್ಲು ಆಮೇಲೆ ಪಾಸಾಯಿತು.

ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ‘ಪೇಪರಲ್ಲಿ ಬಂದಿದೆ ಅಂದ್ರೆ ಏನೋ ಇರುತ್ತೆ ಬಿಡಿ.’ ಈ ನಂಬಿಕೆ ಎಲ್ಲಿಂದ ಬಂತು? ಹದಿನೈದು ವರ್ಷದ ಹಿಂದೆ ಕಟಿಂಗ್ ಶಾಪಿನ ಬೆಂಚಿನಲ್ಲಿ ಹುಟ್ಟಿದ ನಂಬಿಕೆ ಅದು. ಟ್ಯಾಬ್ಲಾಯ್ಡ್ ಯಾರಿಗೂ ಹೆದರುವುದಿಲ್ಲ, ಬೇರೆಯವರು ಮುಚ್ಚಿಡುವುದನ್ನು ಅದು ಹೇಳುತ್ತದೆ. ಆ ಹೆಸರನ್ನು ಲಂಕೇಶರು ವಾರ ವಾರ ಬರೆದು ಗಳಿಸಿದರು. ಬೇರೆಯವರು ಅದನ್ನು ತಮ್ಮ ಅಂಗಡಿಗೆ ಬಂಡವಾಳ ಮಾಡಿಕೊಂಡರು. ಕಂಬಕ್ಕೆ ಅಂಟಿಸಿದ ಹಾಳೆಯ ಸೈಜು ಅದೇ, ಕಪ್ಪು ಬಿಳುಪು ಅದೇ, ದಪ್ಪ ಅಕ್ಷರದ ತಲೆಬರಹ ಅದೇ. ಓದುವವರಿಗೆ ಹೇಗೆ ಗೊತ್ತಾಗಬೇಕು?

ಹಾಗಾದರೆ ಲಂಕೇಶ್ ಪತ್ರಿಕೆಯದು ಏನೂ ತಪ್ಪಿಲ್ಲವಾ? ಈ ಪ್ರಶ್ನೆಯನ್ನು ನಾನು ವರ್ಷಗಟ್ಟಲೆ ತಪ್ಪಿಸಿಕೊಂಡು ಓಡಾಡಿದ್ದೇನೆ. ಇಷ್ಟಪಟ್ಟವರ ಬಗ್ಗೆ ಹೇಳುವುದು ಕಷ್ಟ.

ಆ ಅಡ್ಡಹೆಸರುಗಳನ್ನೇ ತೆಗೆದುಕೊಳ್ಳಿ. ‘ಗುಂ’ ಅಂದರೆ ಸಾಕು, ಆ ಮುಖ್ಯಮಂತ್ರಿ ಏನು ಮಾಡಿದರು, ಯಾವ ಆದೇಶ ಹೊರಡಿಸಿದರು, ಯಾಕೆ ತಪ್ಪು ಅಂತ ವಾದ ಮಾಡುವ ಅಗತ್ಯವೇ ಇರಲಿಲ್ಲ. ನಕ್ಕರೆ ಮುಗಿಯಿತು. ಗುಂಡೂರಾಯರ ಕೈಯಲ್ಲಿ ಪೊಲೀಸರಿದ್ದರು, ಸರ್ಕಾರ ಇತ್ತು. ಅವರನ್ನು ನೋಡಿ ನಕ್ಕದ್ದಕ್ಕೆ ನನಗೆ ಇವತ್ತೂ ಬೇಜಾರಿಲ್ಲ. ಆದರೆ ಒಬ್ಬ ಮನುಷ್ಯನನ್ನು ಒಂದು ಅಕ್ಷರಕ್ಕೆ ಇಳಿಸುವುದು ಎಷ್ಟು ಸುಲಭ, ಎಷ್ಟು ರುಚಿ ಅಂತ ಓದುಗರಿಗೂ ಬರೆಯುವವರಿಗೂ ಅಲ್ಲಿ ಅಭ್ಯಾಸವಾಯಿತು. ಆ ರುಚಿ ಹತ್ತಿದ ನಾಲಿಗೆಗೆ ಮುಖ್ಯಮಂತ್ರಿಯಾದರೇನು, ಹೆಂಚಿನ ಬಿಲ್ಲಿಗೆ ಸಹಿ ಹಾಕದ ಟೀಚರ್ ಆದರೇನು?

ಲಂಕೇಶರಿಗೆ ಸಿಟ್ಟು ಬಂದರೆ ಗೆಳೆಯರು, ಸಾಹಿತಿಗಳು ಅಂತ ನೋಡುತ್ತಿರಲಿಲ್ಲ. ಕೆಲವು ಸಲ ವಿಚಾರವನ್ನು ಬಿಟ್ಟು ಮನುಷ್ಯನನ್ನೇ ಹೊಡೆಯುತ್ತಿದ್ದರು. ಓದುವಾಗ ಮಜಾ ಇರುತ್ತಿತ್ತು. ಮಡಚಿಟ್ಟ ಮೇಲೆ ಒಂಥರಾ ಕಸಿವಿಸಿ. 80ರ ದಶಕದ ಕೊನೆಯ ಹೊತ್ತಿಗೆ ಅವರು ‘ಪ್ರಗತಿರಂಗ’ ಅಂತ ರಾಜಕೀಯಕ್ಕೂ ಕೈಹಾಕಿದರು. ಅದು ಬೆಳೆಯಲಿಲ್ಲ. ಆಗ ಪೋಸ್ಟ್‌ಮನ್ ತಾತ ಬದುಕಿದ್ದರು. ‘ಅಂಪೈರ್ ಬ್ಯಾಟ್ ಹಿಡಿಯಬಾರದಿತ್ತು’ ಅಂದದ್ದು ನೆನಪಿದೆ. ಆದರೂ ಓದುವುದು ಬಿಡಲಿಲ್ಲ.

ಜಾಹೀರಾತು ಇಲ್ಲದ್ದು ದೊಡ್ಡ ಶಕ್ತಿ ಅಂದೆ. ಅದೇ ಒಂದು ಕಷ್ಟವೂ ಹೌದು. ಈ ವಾರ ಮಾರಾಟವಾಗದಿದ್ದರೆ ಮುಂದಿನ ವಾರಕ್ಕೆ ಕಾಗದ ಇಲ್ಲ. ಹಾಗಾಗಿ ಮುಖಪುಟ ಪ್ರತಿ ವಾರ ಕೂಗಬೇಕು. ಪ್ರತಿ ವಾರ ಕೂಗುವಷ್ಟು ದೊಡ್ಡ ಹಗರಣ ನಾಡಿನಲ್ಲಿ ನಡೆಯುತ್ತದಾ? ನಡೆಯದ ವಾರ ಏನು ಮಾಡಬೇಕು? ಲಂಕೇಶರ ಹತ್ತಿರ ಅದಕ್ಕೆ ಉತ್ತರ ಇತ್ತು. ಕತೆ ಇತ್ತು, ನೀಲು ಇತ್ತು, ಯಾವುದೋ ದೂರದೇಶದ ಲೇಖಕನ ಬಗ್ಗೆ ಎರಡು ಪುಟ ಇತ್ತು. ಅವರನ್ನು ನೋಡಿ ಪತ್ರಿಕೆ ಮಾಡಿದ ಎಷ್ಟೋ ಜನರ ಹತ್ತಿರ ಅದು ಇರಲಿಲ್ಲ. ಅವರಿಗೆ ಸಿಕ್ಕಿದ್ದು ಪಕ್ಕದ ಮನೆಯ ಹೆಂಗಸು.

ಇದಕ್ಕೆಲ್ಲ ಕಾನೂನು ಇಲ್ಲವಾ ಅಂತ ಕೇಳಬಹುದು. ಇದೆ. ಮಾನನಷ್ಟ ಮೊಕದ್ದಮೆ ಹೂಡಬಹುದು. ಟೀಚರ್‌ಗೆ ಆಗ ಸಿಗುತ್ತಿದ್ದ ಸಂಬಳದಲ್ಲಿ ವಕೀಲರಿಗೆ ಫೀಸು ಕೊಟ್ಟು, ರಜೆ ಹಾಕಿ, ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಿತ್ತು. ಪ್ರತಿ ಸಲವೂ ಆ ಬರಹವನ್ನು ತುಂಬಿದ ಕೋರ್ಟಿನಲ್ಲಿ ಓದಿಸಬೇಕಿತ್ತು. ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದಿತ್ತು. ಅದು ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ.

ಅಧಿಕಾರ ಇದ್ದವರು ಕಾನೂನನ್ನು ಬಳಸುವ ರೀತಿ ಬೇರೆ. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಇಬ್ಬರು ಟ್ಯಾಬ್ಲಾಯ್ಡ್ ಸಂಪಾದಕರಿಗೆ ಹಕ್ಕುಚ್ಯುತಿ ಅಂತ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಹಾಕಿತು. ಒಬ್ಬರು ರವಿ ಬೆಳಗೆರೆ, ಇನ್ನೊಬ್ಬರು ‘ಯಲಹಂಕ ವಾಯ್ಸ್’ ಪತ್ರಿಕೆಯ ಸಂಪಾದಕರು. ದೂರು ಕೊಟ್ಟವರು ಶಾಸಕರು, ವಿಚಾರಣೆ ಮಾಡಿದ್ದು ಶಾಸಕರ ಸಮಿತಿ, ಶಿಕ್ಷೆ ಹಾಕಿದ್ದು ಶಾಸಕರ ಸದನ. ಆ ಪತ್ರಿಕೆಗಳು ಬರೆದದ್ದು ಸರಿಯೋ ತಪ್ಪೋ, ಅದು ಬೇರೆ ಮಾತು. ಬರೆಸಿಕೊಂಡವರೇ ಜಡ್ಜ್ ಆಗುವುದನ್ನು ನಾನು ಒಪ್ಪುವುದಿಲ್ಲ. ಟೀಚರ್ ಕತೆ ಗೊತ್ತಿದ್ದೂ ಒಪ್ಪುವುದಿಲ್ಲ. ಶಾಸಕರಿಗೆ ಉತ್ತರ ಕೊಡಲು ಸದನದ ಮೈಕು ಇದೆ, ಎಲ್ಲ ಪತ್ರಿಕೆಗಳೂ ಇವೆ. ಟೀಚರ್‌ಗೆ ಅವತ್ತು ಬಸ್ ಸ್ಟ್ಯಾಂಡ್ ದಾಟಿ ಶಾಲೆಗೆ ಹೋಗಲೂ ದಾರಿ ಇರಲಿಲ್ಲ.

ಲಂಕೇಶರು ತೀರಿಕೊಂಡದ್ದು 2000ದ ಜನವರಿ 25ರಂದು. ಮಗಳು ಗೌರಿ ದೆಹಲಿಯ ಪತ್ರಿಕೋದ್ಯಮದಿಂದ ಬಂದು ಅಪ್ಪನ ಕುರ್ಚಿಯಲ್ಲಿ ಕೂತರು. 2005ರಲ್ಲಿ ಬೇರೆಯಾಗಿ ‘ಗೌರಿ ಲಂಕೇಶ್ ಪತ್ರಿಕೆ’ ಶುರು ಮಾಡಿದರು. ಅವರೂ ಜಾಹೀರಾತು ಇಲ್ಲದೆಯೇ ನಡೆಸಿದರು. 2008ರಲ್ಲಿ ಪ್ರಕಟವಾದ ಒಂದು ವರದಿಯ ಮೇಲೆ ಬಿಜೆಪಿ ನಾಯಕರು ಮಾನನಷ್ಟ ಮೊಕದ್ದಮೆ ಹೂಡಿದರು. 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ಕೋರ್ಟು ಗೌರಿಯವರಿಗೆ ಆರು ತಿಂಗಳ ಜೈಲು ಶಿಕ್ಷೆ ಕೊಟ್ಟಿತು. ಜಾಮೀನು ಪಡೆದು ಹೊರಗೆ ಬಂದರು. ಗೌರಿಯವರ ರಾಜಕೀಯ ನನಗೆ ಹತ್ತಿರದ್ದು. ಆದರೂ ಕೋರ್ಟು ಕೇಳಿದ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಹಣದ ಆರೋಪ ಬರೆದಿದ್ದೀರಿ, ಆಧಾರ ಎಲ್ಲಿ? ನಮ್ಮಪ್ಪ ಟೀ ಅಂಗಡಿಯಲ್ಲಿ ಕೇಳಿದ್ದೂ ಅದನ್ನೇ ಅಲ್ವಾ? ಬರೆದವರು ನಮಗೆ ಬೇಕಾದವರು ಅಂತ ಆ ಪ್ರಶ್ನೆಗೆ ರಿಯಾಯಿತಿ ಕೊಟ್ಟರೆ ಟೀಚರ್ ಪರವಾಗಿ ಮಾತಾಡುವ ಯೋಗ್ಯತೆ ನನಗೆ ಉಳಿಯುವುದಿಲ್ಲ. ಆದರೆ ತಪ್ಪು ಬರೆದವರನ್ನು ಜೈಲಿಗೆ ಕಳಿಸಬೇಕು ಅನ್ನುವುದನ್ನೂ ನಾನು ಒಪ್ಪಲಾರೆ. ತಪ್ಪು ಬಂದ ಪುಟದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ‘ನಾವು ಬರೆದದ್ದು ತಪ್ಪು’ ಅಂತ ಅಚ್ಚು ಹಾಕಿಸಿದರೆ ಸಾಕು. ನಮ್ಮೂರಿನ ಕಂಬಕ್ಕೆ ಅಂಥ ಒಂದು ಜೆರಾಕ್ಸ್ ಅಂಟಿಸಲು ನಾನು ಕಾಯುತ್ತಿದ್ದೆ.

2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಮನೆಯ ಮುಂದೆ ಗೌರಿಯವರನ್ನು ಗುಂಡಿಟ್ಟು ಕೊಂದರು. ಅವರು ಬರೆದ ಕೊನೆಯ ಸಂಪಾದಕೀಯ ಸುಳ್ಳು ಸುದ್ದಿಯ ಬಗ್ಗೆ. ಸುಳ್ಳನ್ನು ಹೇಗೆ ತಯಾರು ಮಾಡುತ್ತಾರೆ, ಹೇಗೆ ಹರಡುತ್ತಾರೆ ಅಂತ ಒಂದೊಂದೇ ಉದಾಹರಣೆ ಹಿಡಿದು ಬಿಡಿಸಿ ತೋರಿಸಿದ್ದರು. ನಾನು ಅದನ್ನು ಎರಡು ಮೂರು ಸಲ ಓದಿದೆ. ಯಾರು ಹೇಳಿದ್ದು, ಎಲ್ಲಿಂದ ಬಂತು, ಯಾರಿಗೆ ಲಾಭ. ಕಟ್ಟೆಯಲ್ಲಿ ಬಿಟ್ಟು ಬಂದಿದ್ದ ಪ್ರಶ್ನೆಗಳು ಆ ಪುಟದಲ್ಲಿ ಇದ್ದವು.

ಈಗ ವಾರಪತ್ರಿಕೆಗಳನ್ನು ಕೊಳ್ಳುವವರು ಕಡಿಮೆ. ಕಂಬಕ್ಕೆ ಜೆರಾಕ್ಸ್ ಅಂಟಿಸಬೇಕಾಗಿಲ್ಲ, ವಾಟ್ಸಾಪ್ ಗುಂಪಿದೆ. ‘ಎನ್ನಲಾಗಿದೆ’ ಕೂಡ ಹೋಯಿತು. ಯೂಟ್ಯೂಬಿನಲ್ಲಿ ಅದರ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಬಂದಿದೆ.

ಹೋದ ವರ್ಷ ಒಂದು ಮದುವೆಗೆ ಭದ್ರಾವತಿಗೆ ಹೋಗಿದ್ದೆ. ಟೀಚರ್ ಅಲ್ಲೇ ಇದ್ದಾರೆ ಅಂತ ಗೊತ್ತಾಯಿತು. ಮಗಳ ಮನೆ. ಈಗ ಎಂಬತ್ತರ ಹತ್ತಿರ. ನನ್ನನ್ನು ನೋಡಿದ ಕೂಡಲೇ ಹೆಸರು ಹಿಡಿದು ಕರೆದರು, ‘ಭಿನ್ನರಾಶಿ ಬರ್ತಿರಲಿಲ್ಲ ಕಣೋ ನಿನಗೆ’ ಅಂತ ನಕ್ಕರು. ಟೀಪಾಯಿಯ ಮೇಲೆ ಎರಡು ದಿನಪತ್ರಿಕೆ ಇದ್ದವು. ಎರಡರಲ್ಲೂ ಪೆನ್ಸಿಲ್ ಗುರುತು. ತಪ್ಪು ಕಂಡ ಕಡೆ ಈಗಲೂ ಅಡಿಗೆರೆ ಹಾಕುತ್ತಾರಂತೆ.

ಮಾತಿನ ಮಧ್ಯೆ ನಾನು ಪತ್ರಿಕೆಗಳ ಬಗ್ಗೆ ಬರೆಯುತ್ತಿದ್ದೇನೆ ಅಂದೆ. ಆ ವಿಷಯ ನಾನು ಎತ್ತಲಿಲ್ಲ. ಅವರೇ ಎತ್ತಿದರು.

‘ನಾನು ಅದನ್ನ ಇವತ್ತಿನವರೆಗೂ ಓದಿಲ್ಲ ಗೊತ್ತಾ? ಮನೆಯವರು ಓದೋಕೆ ಬಿಡಲಿಲ್ಲ. ಆಮೇಲೆ ನನಗೇ ಬೇಡ ಅನ್ನಿಸ್ತು. ಏನು ಬರೆದಿದ್ರು ಅಂತ ಬೇರೆಯವರ ಮುಖ ನೋಡಿ ಲೆಕ್ಕ ಹಾಕ್ತಿದ್ದೆ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನೀನು ಓದಿದ್ಯಾ?’ ಅಂತ ಕೇಳಿದರು.

‘ಓದಿದ್ದೆ ಟೀಚರ್.’

‘ಪೂರ್ತಿ?’

‘ಪೂರ್ತಿ.’

ಅವರು ತಲೆಯಾಡಿಸಿದರು. ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು, ಕಾಫಿ ತರುತ್ತೇನೆ ಅಂತ ಒಳಗೆ ಹೋದರು.